ಸೆಟ್ಸೆ ನೊಣವಿಲ್ಲದ ನಾಡಿನ ಟ್ರಿಪನೋಸೋಮ್

ಪ್ರಾಣಿಶಾಸ್ತ್ರದ ಪದವಿ ತರಗತಿಯಲ್ಲಿ, ರಕ್ತದಲ್ಲಿ ಬದುಕುವ ಏಕಕೋಶ ಪರೋಪಜೀವಿಯಾದ ಟ್ರಿಪನೋಸೋಮ್ ಎಂದೊಡನೆ ವಿದ್ಯಾರ್ಥಿಗಳು ಆಫ್ರಿಕಾ, ನಿದ್ರಾ ರೋಗ, ಸೆಟ್ಸೆ ನೊಣ ಎಂಬ ಮೂರು ಮಾತುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಪಠ್ಯಪುಸ್ತಕದಲ್ಲಿ ಇರುವುದೇ ಅಷ್ಟು. ಆದರೆ ಪುಣೆಯಲ್ಲಿ ಕುಳಿತು ಪಾಠ ಹೇಳುವ ನನಗೆ, ಇಲ್ಲಿಂದ ಹಡಪ್ಸರ ದಾಟಿ ಸೋಲಾಪುರ ರಸ್ತೆಗುಂಟ ಹೋದರೆ ಎಮ್ಮೆ ಕೊಟ್ಟಿಗೆಗಳಲ್ಲಿ ಸಿಗಬಹುದಾದ ಟ್ರಿಪನೋಸೋಮ್ ಬಗ್ಗೆ ಆ ಪುಸ್ತಕದಲ್ಲಿ ಒಂದು ಪ್ಯಾರಾ ಕೂಡ ಇಲ್ಲವಲ್ಲ ಎಂಬುದು ಹಳೆಯ ಅಸಮಾಧಾನ. ಆ ಜೀವಿಯ ಹೆಸರು ಟ್ರಿಪನೋಸೋಮ ಎವಾನ್ಸಿ. ಅದು ತರುವ ರೋಗಕ್ಕೆ ಸರ್ರಾ ಎಂದು ಹೆಸರು. ಆಫ್ರಿಕಾದಲ್ಲಿ ಟ್ರಿಪನೋಸೋಮನ್ನು ಹರಡುವ ಸೆಟ್ಸೆ ನೊಣ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಆದರೂ ಈ ಪರೋಪಜೀವಿ ಇಲ್ಲಿ ಹೇಗೆ ನೆಲೆ ಕಂಡುಕೊಂಡಿತು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಇಡೀ ಟ್ರಿಪನೋಸೋಮ್ ಕುಲದ ಜೀವಶಾಸ್ತ್ರವೇ ಬಿಚ್ಚಿಕೊಳ್ಳುತ್ತದೆ. ಆಫ್ರಿಕಾದಿಂದ ಆರಂಭಿಸುವುದಕ್ಕಿಂತ ಇಲ್ಲಿಂದ ಆರಂಭಿಸುವುದೇ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ಪುಣೆಗೆ ತನ್ನದೇ ಆದ ಇತಿಹಾಸವೂ ಇದೆ. 1889ರಲ್ಲಿ ಬ್ರಿಟಿಷ್ ಸರಕಾರವು ಜಾನುವಾರು ರೋಗಗಳ ಅಧ್ಯಯನಕ್ಕಾಗಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿಯನ್ನು ಸ್ಥಾಪಿಸಿದ್ದು ಪುಣೆಯಲ್ಲಿ. ಅದರ ಹೊಣೆ ಹೊತ್ತ ಆಲ್ಫ್ರೆಡ್ ಲಿಂಗಾರ್ಡ್ ಮೊದಲ ವರ್ಷಗಳಲ್ಲಿ ಬಹಳ ಶ್ರಮ ವಹಿಸಿದ ರೋಗಗಳಲ್ಲಿ ಕುದುರೆಗಳ ಸರ್ರಾ ಮುಖ್ಯವಾದದ್ದು. ಆ ಕಾಲದಲ್ಲಿ ಸೈನ್ಯವೆಂದರೆ ಕುದುರೆ, ಹೇಸರಗತ್ತೆ, ಒಂಟೆ. ಅವು ಸತ್ತರೆ ಸೈನ್ಯ ಕದಲುವಂತಿರಲಿಲ್ಲ. 1893ರಲ್ಲಿ ಆ ಪ್ರಯೋಗಾಲಯವನ್ನು ಕುಮಾವೂಂ ಬೆಟ್ಟಗಳ ಮುಕ್ತೇಶ್ವರಕ್ಕೆ ಸಾಗಿಸಿದರು. ಮುಂದೆ ಅದೇ ಬೆಳೆದು ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಾಯಿತು. ಪುಣೆಯಲ್ಲಿ ಅದರ ನೆನಪು ಹೆಚ್ಚಿನವರಿಗೆ ಉಳಿದಿಲ್ಲ.

ಲಿಂಗಾರ್ಡ್‌ಗಿಂತ ಮೊದಲು, 1880ರಲ್ಲಿ, ಸಿಂಧೂ ನದಿಯ ದಡದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಸೈನ್ಯದ ಪಶುವೈದ್ಯ ಗ್ರಿಫಿತ್ ಎವಾನ್ಸ್ ಸಾಯುತ್ತಿದ್ದ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಈ ಜೀವಿಯನ್ನು ಕಂಡರು. ಆ ರಕ್ತವನ್ನು ಆರೋಗ್ಯವಂತ ಪ್ರಾಣಿಗೆ ಸೇರಿಸಿದರೆ ಅದಕ್ಕೂ ರೋಗ ಬರುತ್ತದೆ ಎಂದು ತೋರಿಸಿದರು. ರೋಗವನ್ನು ಉಂಟುಮಾಡುವ ಟ್ರಿಪನೋಸೋಮ್ ಇದೆ ಎಂದು ಜಗತ್ತಿನಲ್ಲಿ ಮೊದಲು ತಿಳಿದದ್ದು ಹೀಗೆ. ಡೇವಿಡ್ ಬ್ರೂಸ್ ಜುಲುಲ್ಯಾಂಡಿನ ದನಗಳಲ್ಲಿ ನಾಗಾನಾ ರೋಗದ ಟ್ರಿಪನೋಸೋಮ್ ಕಂಡದ್ದು ಇದಾದ ಹದಿನೈದು ವರ್ಷಗಳ ಮೇಲೆ. ಆದರೂ ಎವಾನ್ಸ್ ಮಾತನ್ನು ಅಂದಿನ ತಜ್ಞರು ಸುಲಭವಾಗಿ ಒಪ್ಪಲಿಲ್ಲ. ಅದಕ್ಕೆ ಒಂದು ಕಾರಣವೂ ಇತ್ತು. 1878ರಲ್ಲಿ ಕಲ್ಕತ್ತೆಯಲ್ಲಿ ಟಿಮೊಥಿ ಲೂಯಿಸ್ ಇಲಿಗಳ ರಕ್ತದಲ್ಲಿ ಇಂಥದೇ ಜೀವಿಗಳನ್ನು ನೋಡಿದ್ದರು, ಮತ್ತು ಆ ಇಲಿಗಳು ಯಾವ ತೊಂದರೆಯೂ ಇಲ್ಲದೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವು. ಇಲಿಗೆ ಏನೂ ಮಾಡದ್ದು ಕುದುರೆಯನ್ನು ಹೇಗೆ ಕೊಂದೀತು ಎಂಬುದು ಅವರ ತರ್ಕ. ಇಂದು ನೋಡಿದರೆ ಎರಡೂ ನಿಜ. ಒಂದು ಟ್ರಿಪನೋಸೋಮ್ ಕೆಡುಕಿನದೋ ನಿರುಪದ್ರವಿಯೋ ಎಂದು ಅದನ್ನೊಂದನ್ನೇ ನೋಡಿ ಹೇಳಲು ಬರುವುದಿಲ್ಲ. ಅದು ಯಾರ ರಕ್ತದಲ್ಲಿದೆ, ಅಲ್ಲಿಗೆ ಯಾರು ತಂದರು ಎಂಬುದನ್ನು ಕೇಳಿಯೇ ಹೇಳಬೇಕು.

ಅಥಣಿ ಕಡೆಯವರಾದ ನನ್ನ ಪಶುವೈದ್ಯ ಮಿತ್ರರೊಬ್ಬರು ಹಡಪ್ಸರದ ಆಚೆ ಡೇರಿ ಕೊಟ್ಟಿಗೆಗಳಿಗೆ ಹೋಗುವಾಗ ಆಗಾಗ ನನ್ನನ್ನೂ ಕರೆದೊಯ್ಯುತ್ತಾರೆ. ಮಳೆಗಾಲ ಮುಗಿಯುತ್ತ ಬಂದ ದಿನಗಳಲ್ಲಿ ಒಂದು ಕೊಟ್ಟಿಗೆಗೆ ಹೋಗಿದ್ದೆವು. ಒಡೆಯರು ಇಂಡಿ ತಾಲೂಕಿನವರು, ಎಷ್ಟೋ ವರ್ಷಗಳಿಂದ ಪುಣೆಯಲ್ಲೇ ಎಮ್ಮೆ ಕಟ್ಟಿಕೊಂಡಿರುವವರು, ಎಲ್ಲರಿಗೂ ಕಾಕಾ. "ಮೇವು ಅರ್ಧಕ್ಕರ್ಧ ಬಿಟ್ಟೈತ್ರಿ ಡಾಕ್ಟರ್. ಒಂದಿನ ಜ್ವರ ಬರ್ತಾವ, ಮತ್ತ ನಾಕ್ ದಿನ ಆರಾಮ. ಹಾಲಂತೂ ಪೂರಾ ಇಳದಾವ" ಎಂದು ಅವರು ಒಂದು ಮುರ್ರಾ ಎಮ್ಮೆಯನ್ನು ತೋರಿಸಿದರು. ಜ್ವರ ಬಿಟ್ಟುಬಿಟ್ಟು ಬರುತ್ತದೆ ಎಂಬ ಮಾತು ಕೇಳಿದ ಕೂಡಲೇ ಡಾಕ್ಟರು ಎಮ್ಮೆಯ ಕಿವಿಯ ಅಂಚಿನ ರಕ್ತನಾಳಕ್ಕೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡು, ಮೇಲೊಂದು ತೆಳು ಗಾಜು ಮುಚ್ಚಿ, ಕಾರಿನ ಡಿಕ್ಕಿಯಲ್ಲಿದ್ದ ಸೂಕ್ಷ್ಮದರ್ಶಕವನ್ನು ಮೇವಿನ ಕೋಣೆಯ ಮೇಜಿನ ಮೇಲೆ ಇಟ್ಟರು.

ಬಣ್ಣ ಹಾಕದ ಹಸಿ ರಕ್ತದಲ್ಲಿ ಮೊದಲು ಪರೋಪಜೀವಿ ಕಾಣುವುದಿಲ್ಲ, ಕಾಣುವುದು ಗದ್ದಲ. ಹಳದಿ ಛಾಯೆಯ ಕೆಂಪು ರಕ್ತಕಣಗಳು ಸುಮ್ಮನೆ ಹರಡಿಕೊಂಡಿರುತ್ತವೆ, ಎಲ್ಲೋ ಒಂದು ಮೂಲೆಯಲ್ಲಿ ಮಾತ್ರ ಏಳೆಂಟು ಕಣಗಳು ಯಾರೋ ಒಳಗಿನಿಂದ ಮೊಣಕೈಯಲ್ಲಿ ತಿವಿದಂತೆ ಅಲುಗಾಡುತ್ತವೆ. ಅಲ್ಲೇ ಕಣ್ಣು ನೆಟ್ಟರೆ ಆ ಕಣಗಳ ನಡುವೆ ಬಣ್ಣವಿಲ್ಲದ, ಎರಡೂ ತುದಿ ಸಪೂರವಾದ, ರಕ್ತಕಣಕ್ಕಿಂತ ನಾಲ್ಕೈದು ಪಟ್ಟು ಉದ್ದದ ಒಂದು ದೇಹ ನುಲಿಯುತ್ತ ಮುನ್ನುಗ್ಗುವುದು ಕಾಣುತ್ತದೆ. ಅದರ ಒಂದು ಅಂಚಿನುದ್ದಕ್ಕೂ ತೆಳುವಾದ ಪೊರೆಯೊಂದು ಅಲೆಯಾಡುತ್ತಿರುತ್ತದೆ. ಈಜಲು ನೆರವಾಗುವ ಚಾವಟಿಯಂಥ ಕಶಾಂಗವು ದೇಹದ ಹಿಂಭಾಗದ ಹತ್ತಿರ ಒಂದು ಸಣ್ಣ ಕುಳಿಯಿಂದ ಹೊರಬಿದ್ದು, ಆ ಪೊರೆಗೆ ಅಂಟಿಕೊಂಡೇ ಮುಂದಕ್ಕೆ ಸಾಗಿ, ಕೊನೆಯಲ್ಲಿ ಬಿಡಿಯಾಗಿ ಚಾಚಿಕೊಂಡಿರುತ್ತದೆ. ಜೀವಿ ಈಜುವುದು ಕಶಾಂಗದ ತುದಿಯನ್ನು ಮುಂದಿಟ್ಟುಕೊಂಡು. ಕಾಕಾ ಕೂಡ ಒಂದು ಕಣ್ಣು ಮುಚ್ಚಿ ನೋಡಿದರು, ಬಹಳ ಹೊತ್ತು ನೋಡಿದರು, ಆಮೇಲೆ "ಇದು ರಕ್ತದಾಗ ಇರೋದೇನ್ರಿ?" ಎಂದು ಕೇಳಿದರು.

ಆ ಪ್ರಶ್ನೆ ಸಣ್ಣದಲ್ಲ. ಮಲೇರಿಯಾದ ಪರೋಪಜೀವಿ ಕೆಂಪು ಕಣದೊಳಗೆ ಅವಿತುಕೊಳ್ಳುತ್ತದೆ. ಕಾಳಾ ಅಜಾರ್ ತರುವ ಲೀಶ್ಮೇನಿಯಾ, ಟ್ರಿಪನೋಸೋಮ್‌ನ ದಾಯಾದಿಯೇ ಆದದ್ದು, ನಮ್ಮನ್ನು ಕಾಯಬೇಕಾದ ಭಕ್ಷಕ ಕೋಶದೊಳಗೇ ಮನೆ ಮಾಡುತ್ತದೆ. ಈ ಟ್ರಿಪನೋಸೋಮ್ ಮಾತ್ರ ರಕ್ತದ ದ್ರವದಲ್ಲಿ, ಪ್ರತಿಕಾಯಗಳ ಕಣ್ಣೆದುರಿಗೆ, ಬಯಲಿನಲ್ಲಿ ಬದುಕುತ್ತದೆ. ಅದು ಸಾಧ್ಯವಾಗುವುದು ಅದರ ಮೈ ಮುಚ್ಚಿರುವ ಒಂದು ಪ್ರೋಟೀನ್ ಹೊದಿಕೆಯಿಂದ. ಒಂದೇ ಬಗೆಯ ಪ್ರೋಟೀನಿನ ಸುಮಾರು ಒಂದು ಕೋಟಿ ಅಣುಗಳು ಒತ್ತೊತ್ತಾಗಿ ನಿಂತು ಒಳಗಿನ ಬೇರೆಲ್ಲವನ್ನೂ ಮರೆಮಾಡುತ್ತವೆ. ಎಮ್ಮೆಯ ದೇಹ ಆ ಪ್ರೋಟೀನಿಗೆ ತಕ್ಕ ಪ್ರತಿಕಾಯವನ್ನು ತಯಾರಿಸುವುದಕ್ಕೆ ಕೆಲವು ದಿನ ಬೇಕು. ತಯಾರಾದ ಮೇಲೆ ಪರೋಪಜೀವಿಗಳು ರಾಶಿರಾಶಿಯಾಗಿ ಸಾಯುತ್ತವೆ, ಜ್ವರ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಎಲ್ಲೋ ಕೆಲವು ಬೇರೊಂದು ಪ್ರೋಟೀನಿನ ಹೊದಿಕೆ ತೊಟ್ಟಿರುತ್ತವೆ. ಅವುಗಳನ್ನು ಹಳೆಯ ಪ್ರತಿಕಾಯ ಗುರುತಿಸುವುದಿಲ್ಲ. ಅವು ಬೆಳೆಯುತ್ತವೆ, ಮತ್ತೆ ಜ್ವರ ಬರುತ್ತದೆ. ಕಾಕಾ ಹೇಳಿದ "ನಾಕ್ ದಿನ ಆರಾಮ" ಎಂಬುದರ ಅರ್ಥ ಇದು.

ಇದೇ ಗುಂಪಿನ ಆಫ್ರಿಕಾದ ಟ್ರಿಪನೋಸೋಮ ಬ್ರೂಸಿಯಲ್ಲಿ ಇಂಥ ಹೊದಿಕೆಗಳ ವಂಶವಾಹಿಗಳು, ಅರೆಬರೆಯಾದವುಗಳನ್ನೂ ಸೇರಿಸಿ, 2,000ಕ್ಕೂ ಹೆಚ್ಚಿವೆ. ಆದರೆ ಒಂದು ಕೋಶ ಒಂದು ಸಲಕ್ಕೆ ಒಂದನ್ನು ಮಾತ್ರ ಬಳಸುತ್ತದೆ. ಅರೆಬರೆ ವಂಶವಾಹಿಗಳೂ ವ್ಯರ್ಥವಲ್ಲ, ಅವುಗಳ ತುಂಡುಗಳನ್ನು ಜೋಡಿಸಿ ಹೊಸ ಹೊದಿಕೆ ತಯಾರಾಗುತ್ತದೆ. ಈ ಕಾರಣಕ್ಕಾಗಿಯೇ ಇಷ್ಟು ವರ್ಷಗಳ ಮೇಲೂ ಸರ್ರಾಕ್ಕಾಗಲಿ ನಿದ್ರಾ ರೋಗಕ್ಕಾಗಲಿ ಲಸಿಕೆ ಇಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದ ಆ ಬಿಡುವಿಲ್ಲದ ಈಜಾಟಕ್ಕೂ ಇಲ್ಲೊಂದು ಕೆಲಸವಿದೆ. ಮೈಮೇಲೆ ನಾಲ್ಕಾರು ಪ್ರತಿಕಾಯಗಳು ಅಂಟಿಕೊಂಡರೆ, ಮುಂದೆ ಈಜುವ ರಭಸಕ್ಕೆ ಅವು ಹೊದಿಕೆಯ ಪ್ರೋಟೀನಿನ ಸಮೇತ ಹಿಂಭಾಗಕ್ಕೆ ಜಾರುತ್ತವೆ. ಅಲ್ಲಿ ಕಶಾಂಗದ ಕುಳಿಯಲ್ಲಿ ಜೀವಿ ಅವುಗಳನ್ನು ಒಳಕ್ಕೆಳೆದುಕೊಂಡು ಜೀರ್ಣಿಸಿ, ಹೊದಿಕೆಯ ಪ್ರೋಟೀನನ್ನು ತೊಳೆದು ಮತ್ತೆ ಮೈಮೇಲೆ ಹಾಕಿಕೊಳ್ಳುತ್ತದೆ.

ಎಮ್ಮೆಗೆ ಇದರಿಂದ ಆಗುವ ನಷ್ಟದ ಸ್ವರೂಪವೂ ಗಮನಿಸಬೇಕಾದದ್ದು. ಪರೋಪಜೀವಿ ಕೆಂಪು ಕಣಗಳನ್ನು ಒಡೆಯುವುದಕ್ಕಿಂತ ಹೆಚ್ಚಾಗಿ, ಕೆರಳಿದ ಎಮ್ಮೆಯ ಸ್ವಂತ ಭಕ್ಷಕ ಕೋಶಗಳೇ ತಮ್ಮ ರಕ್ತಕಣಗಳನ್ನು ನುಂಗಲು ತೊಡಗುತ್ತವೆ. ರಕ್ತಹೀನತೆ ಬರುವುದು ಹಾಗೆ. ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹೊಸ ಹೊಸ ಹೊದಿಕೆಗಳ ಬೆನ್ನು ಹತ್ತಿ ಪ್ರತಿಕಾಯ ತಯಾರಿಸುವ ವ್ಯವಸ್ಥೆಯೇ ದಣಿಯುತ್ತದೆ, ಹಳೆಯ ರೋಗಗಳ ನೆನಪನ್ನೂ ಕಳೆದುಕೊಳ್ಳುತ್ತದೆ. ಸರ್ರಾ ಇರುವ ಹಂದಿಗಳಲ್ಲಿ ಹಂದಿ ಜ್ವರದ ಲಸಿಕೆ, ಎಮ್ಮೆಗಳಲ್ಲಿ ಗಳಲೆ ರೋಗದ ಲಸಿಕೆ ಸರಿಯಾಗಿ ಹತ್ತುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಲಸಿಕೆ ಹಾಕಿಸಿದ ಮೇಲೂ ಗಳಲೆ ಬಂತೆಂದು ರೈತ ಲಸಿಕೆಯನ್ನು ಬೈಯುವ ಕಡೆ, ಬೈಗುಳ ಸಲ್ಲಬೇಕಾದದ್ದು ರಕ್ತದಲ್ಲಿರುವ ಈ ಈಜುಗಾರನಿಗೆ ಇದ್ದರೂ ಇರಬಹುದು. ಎಮ್ಮೆ ಮತ್ತು ದನಗಳಲ್ಲಿ ರೋಗ ಹೆಚ್ಚಾಗಿ ಒಳಗೊಳಗೇ ಇರುತ್ತದೆ. ಕುದುರೆಯಲ್ಲಿ ಚಿಕಿತ್ಸೆ ಸಿಗದಿದ್ದರೆ ಸಾವೇ ಸಾಮಾನ್ಯ. ಒಂಟೆಯಲ್ಲಿ ವರ್ಷಗಟ್ಟಲೆ ಎಳೆದಾಡುತ್ತದೆ. ರಾಜಸ್ಥಾನದ ಕಡೆ ಒಂಟೆಯ ಈ ಬೇನೆಯನ್ನು ಮೂರು ವರ್ಷದ ಬೇನೆ ಎಂಬರ್ಥದಲ್ಲಿ ತಿಬರ್ಸಾ ಎಂದೇ ಕರೆಯುತ್ತಾರೆ. ನಾಯಿಗೆ ಬಂದರೆ ಮುಖ ಊದಿ ಕಣ್ಣಿನ ಪಾಪೆ ಬೆಳ್ಳಗಾಗುವುದುಂಟು.

ಇನ್ನು ಸಾಗಿಸುವವರ ವಿಷಯ. ಆಫ್ರಿಕಾದ ಟ್ರಿಪನೋಸೋಮ ಬ್ರೂಸಿಗೆ ಸೆಟ್ಸೆ ನೊಣ ಬರಿಯ ವಾಹನವಲ್ಲ, ಬದುಕಿನ ಅರ್ಧ ಭಾಗ. ನೊಣದ ಕರುಳಿನಲ್ಲಿ ಅದು ರೂಪ ಬದಲಿಸಿ, ರಕ್ತದ ಸಕ್ಕರೆ ಬಿಟ್ಟು ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನು ಸುಟ್ಟು ಬದುಕಲು ಕಲಿತು, ಕೊನೆಗೆ ಜೊಲ್ಲಿನ ಗ್ರಂಥಿಯನ್ನು ಸೇರಿ, ಅಲ್ಲಿ ಬೇರೆ ಟ್ರಿಪನೋಸೋಮ್‌ಗಳೊಡನೆ ವಂಶವಾಹಿಗಳನ್ನೂ ಹಂಚಿಕೊಳ್ಳುತ್ತದೆ. ನೊಣವೂ ಸಾಮಾನ್ಯದ್ದಲ್ಲ: ಮೊಟ್ಟೆ ಇಡದೆ ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಹೊಟ್ಟೆಯೊಳಗೇ ಹಾಲಿನಂಥ ದ್ರವ ಉಣಿಸಿ ಬೆಳೆಸಿ ಹೆರುತ್ತದೆ, ಮತ್ತು ರಕ್ತದಲ್ಲಿ ಸಾಕಷ್ಟು ಸಿಗದ ಬಿ ಜೀವಸತ್ವಗಳಿಗಾಗಿ ವಿಗಲ್ಸ್‌ವರ್ತಿಯಾ ಎಂಬ ಬ್ಯಾಕ್ಟೀರಿಯಾವನ್ನು ತನ್ನ ದೇಹದೊಳಗೆ ಸಾಕಿಕೊಂಡಿರುತ್ತದೆ. ಜೊಲ್ಲಿನ ಗ್ರಂಥಿಯಲ್ಲಿ ಟ್ರಿಪನೋಸೋಮ್ ತುಂಬಿದ ನೊಣದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುಗಳು ಕಡಿಮೆಯಾಗುತ್ತವೆ; ಹೊಟ್ಟೆ ತುಂಬಲು ಅದು ಹೆಚ್ಚು ಹೊತ್ತು, ಹೆಚ್ಚು ಸಲ ಚುಚ್ಚಬೇಕಾಗುತ್ತದೆ. ಪರೋಪಜೀವಿಗೆ ಬೇಕಾದದ್ದೂ ಅದೇ.

ನಮ್ಮ ಎವಾನ್ಸಿ ಈ ಇಡೀ ಸಂಸಾರವನ್ನು ಬಿಟ್ಟು ಬಂದದ್ದು. ಹೇಗೆ ಬಿಟ್ಟಿತು ಎಂಬುದು, ಕೋಶಕ್ಕೆ ಶಕ್ತಿ ಒದಗಿಸುವ ಅದರ ಮೈಟೋಕಾಂಡ್ರಿಯಾದಲ್ಲಿ ಬರೆದಿದೆ. ಟ್ರಿಪನೋಸೋಮ್ ಕೋಶದಲ್ಲಿ ಒಂದೇ ಒಂದು ಮೈಟೋಕಾಂಡ್ರಿಯಾ. ಅದರ ಡಿಎನ್‌ಎ ಕೈನೆಟೋಪ್ಲಾಸ್ಟ್ ಎಂಬ ಚುಕ್ಕೆಯಾಗಿ ಕಶಾಂಗದ ಬುಡದಲ್ಲಿ ಕೂತಿರುತ್ತದೆ. ಬ್ರೂಸಿಯಲ್ಲಿ ಆ ಚುಕ್ಕೆಯೊಳಗೆ ಕೆಲವು ಡಜನ್ ದೊಡ್ಡ ಉಂಗುರಗಳೂ ಸಾವಿರಾರು ಸಣ್ಣ ಉಂಗುರಗಳೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ದೊಡ್ಡ ಉಂಗುರಗಳಲ್ಲಿ ಮೈಟೋಕಾಂಡ್ರಿಯಾದ ವಂಶವಾಹಿಗಳಿವೆ, ಆದರೆ ಅವುಗಳಲ್ಲಿ ಹಲವು ಹಾಗೆಯೇ ಓದಿದರೆ ಅರ್ಥವಾಗದಂಥವು. ಅವುಗಳಿಂದ ತಯಾರಾದ ಆರ್‌ಎನ್‌ಎಯಲ್ಲಿ ಅಲ್ಲಲ್ಲಿ ಯುರಿಡಿನ್ ಎಂಬ ಅಕ್ಷರವನ್ನು ಸೇರಿಸಿ, ಅಲ್ಲಲ್ಲಿ ಕಿತ್ತುಹಾಕಿ ತಿದ್ದಿದ ಮೇಲೆಯೇ ಅದರಿಂದ ಪ್ರೋಟೀನ್ ಆಗುತ್ತದೆ. ಎಲ್ಲಿ ತಿದ್ದಬೇಕೆಂಬ ಸೂಚನೆ ಮುಖ್ಯವಾಗಿ ಸಣ್ಣ ಉಂಗುರಗಳಲ್ಲಿದೆ. ಆರ್‌ಎನ್‌ಎ ತಿದ್ದುಪಡಿ ಎಂಬ ಸಂಗತಿ ಜೀವಶಾಸ್ತ್ರಕ್ಕೆ ಗೊತ್ತಾದದ್ದೇ 1986ರಲ್ಲಿ, ಟ್ರಿಪನೋಸೋಮ್‌ಗಳ ಅಧ್ಯಯನದಿಂದ. ಇಷ್ಟೊಂದು ಸುತ್ತುಬಳಸಿನ ಏರ್ಪಾಡು ಏಕೆ ಎಂದು ತರಗತಿಯಲ್ಲಿ ಯಾರಾದರೂ ಕೇಳಿದಾಗ ನಾನು ನಕ್ಕು ಮುಂದೆ ಹೋಗುತ್ತೇನೆ.

ಎವಾನ್ಸಿಯಲ್ಲಿ ದೊಡ್ಡ ಉಂಗುರಗಳು ಇಲ್ಲ. ಸಣ್ಣವು ಇದ್ದರೂ ಹೆಚ್ಚುಕಡಿಮೆ ಎಲ್ಲವೂ ಒಂದೇ ಬಗೆಯವು. ಕೆಲವು ತಳಿಗಳಲ್ಲಿ ಅವೂ ಇಲ್ಲ. ರಕ್ತದಲ್ಲಿ ಸಕ್ಕರೆ ಧಾರಾಳವಾಗಿ ಸಿಗುವುದರಿಂದ ಅಲ್ಲಿ ಮೈಟೋಕಾಂಡ್ರಿಯಾದ ಶಕ್ತಿ ಬೇಕಾಗಿಲ್ಲ. ನೊಣದ ಕರುಳಿನಲ್ಲಿ ಅದಿಲ್ಲದೆ ಬದುಕಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ರಕ್ತದಲ್ಲಿರುವಾಗಲೂ ಮೈಟೋಕಾಂಡ್ರಿಯಾದ ಪೊರೆಯ ವಿದ್ಯುತ್ ವ್ಯತ್ಯಾಸವನ್ನು ಉಳಿಸಿಕೊಳ್ಳಲು ಎಟಿಪಿ ಸಿಂಥೇಸ್ ಎಂಬ ಯಂತ್ರ ಹಿಮ್ಮುಖವಾಗಿ ತಿರುಗುತ್ತಿರಬೇಕು, ಮತ್ತು ಆ ಯಂತ್ರದ ಒಂದು ಭಾಗ ಕೈನೆಟೋಪ್ಲಾಸ್ಟಿನಲ್ಲೇ ತಯಾರಾಗುವುದು. ಎವಾನ್ಸಿಯಲ್ಲಿ ಅದೇ ಯಂತ್ರದ ಇನ್ನೊಂದು ಭಾಗದ, ಕೋಶಕೇಂದ್ರದಲ್ಲಿರುವ ವಂಶವಾಹಿಯಲ್ಲಿ ಒಂದು ಸಣ್ಣ ಬದಲಾವಣೆಯಾಗಿ, ಕೈನೆಟೋಪ್ಲಾಸ್ಟ್ ಇಲ್ಲದೆಯೂ ಕೆಲಸ ಸಾಗುವಂತಾಗಿದೆ. ಇಂಥ ಬದಲಾವಣೆ ಒಂದಕ್ಕಿಂತ ಹೆಚ್ಚು ಸಲ ಬೇರೆಬೇರೆಯಾಗಿ ಆಗಿದೆ ಎಂದು ಜಿನೋಮ್‌ಗಳ ಹೋಲಿಕೆಯಿಂದ ತಿಳಿದಿದೆ. ಎಂದರೆ ನಾವು ಎವಾನ್ಸಿ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಬ್ರೂಸಿಯ ಮನೆಯಿಂದ ಬೇರೆಬೇರೆ ಕಾಲಕ್ಕೆ ಹೊರಬಿದ್ದ ಕೆಲವು ಮಕ್ಕಳನ್ನು. ಸೆಟ್ಸೆ ಪ್ರದೇಶದಂಚಿನಲ್ಲಿ ಓಡಾಡುತ್ತಿದ್ದ ಒಂಟೆಗಳು ಅದನ್ನು ಉತ್ತರಕ್ಕೂ ಪೂರ್ವಕ್ಕೂ ತಂದವು ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಕುದುರೆಗಳಿಗೆ ನೊಣದ ನೆರವೇ ಇಲ್ಲದೆ ಗಂಡು ಹೆಣ್ಣು ಕೂಡುವಾಗ ಹರಡುವ ಟ್ರಿಪನೋಸೋಮ ಇಕ್ವಿಪರ್ಡಂ ಕೂಡ ಇದೇ ದಾರಿ ಹಿಡಿದದ್ದು.

ಸೆಟ್ಸೆಯನ್ನು ಬಿಟ್ಟ ಮೇಲೆ ಯಾವ ನೊಣವಾದರೂ ನಡೆಯುತ್ತದೆ, ರಕ್ತ ಕುಡಿದರೆ ಸಾಕು. ಕಾಕಾನ ಕೊಟ್ಟಿಗೆಯಲ್ಲಿ ನಾವು ನಿಂತಿದ್ದಾಗಲೇ, ಬೂದು ಬಣ್ಣದ, ಹಸಿರು ಹೊಳಪಿನ ದೊಡ್ಡ ಕಣ್ಣಿನ ಕುದುರೆ ನೊಣವೊಂದು ಒಂದು ಎಮ್ಮೆಯ ಪಕ್ಕೆಯ ಮೇಲೆ ಕೂತಿತು. ಇದರ ಬಾಯಿ ಸೊಳ್ಳೆಯ ಸೂಜಿಯಂತಲ್ಲ. ಚರ್ಮವನ್ನು ಕೊಯ್ದು, ಒಸರಿದ ರಕ್ತವನ್ನು ಹೀರುತ್ತದೆ. ನೋವಾಗದೆ ಇರುತ್ತದೆಯೇ? ಎಮ್ಮೆ ಚರ್ಮ ಅದುರಿಸಿತು, ಬಾಲ ಬೀಸಿತು, ನೊಣ ಎದ್ದು ಪಕ್ಕದ ಎಮ್ಮೆಯ ಹೆಗಲಿಗೆ ಹೋಗಿ ಅರ್ಧಕ್ಕೆ ನಿಂತ ಊಟವನ್ನು ಮುಂದುವರಿಸಿತು. ಮೊದಲ ಎಮ್ಮೆಯ ಮೈಮೇಲೆ ನೊಣ ಕೂತ ಜಾಗದಲ್ಲಿ ಒಂದು ಹನಿ ರಕ್ತ ಹಾಗೇ ಇಳಿಯುತ್ತಿತ್ತು. ಸರ್ರಾ ಹರಡುವ ಬಗೆ ಇಷ್ಟೇ. ನೊಣದೊಳಗೆ ಪರೋಪಜೀವಿ ಬೆಳೆಯುವುದಿಲ್ಲ, ಬಹಳ ಹೊತ್ತು ಬದುಕುವುದೂ ಇಲ್ಲ. ಬಾಯಿಗೆ ಮೆತ್ತಿದ ರಕ್ತ ಇನ್ನೂ ಹಸಿಯಿರುವಾಗಲೇ ಮುಂದಿನ ಪ್ರಾಣಿಗೆ ದಾಟಬೇಕು. ಆದ್ದರಿಂದ ನೋವು ಕೊಡುವ ಕಡಿತ, ಕೊಡವಿಕೊಳ್ಳುವ ಪ್ರಾಣಿ ಮತ್ತು ಪಕ್ಕಪಕ್ಕದಲ್ಲೇ ಕಟ್ಟಿದ ಸಾಲು, ಈ ಮೂರೂ ಸೇರಿದರೆ ಪರೋಪಜೀವಿಗೆ ಹಬ್ಬ. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೇ ಈ ನೊಣಗಳು ಹೆಚ್ಚುವುದರಿಂದ ರೋಗವೂ ಆಗಲೇ ಹೆಚ್ಚು. ಸಕ್ಕರೆ ಕಾರ್ಖಾನೆಗಳ ಹಂಗಾಮಿಗೆ ಬೇರೆ ಜಿಲ್ಲೆಗಳಿಂದ ಎತ್ತಿನ ಗಾಡಿಗಳು ಬಂದು ಒಂದೇ ಬಯಲಿನಲ್ಲಿ ಬೀಡುಬಿಡುವಾಗ ಡಾಕ್ಟರು ಚಿಂತೆ ಮಾಡುವುದು ಇದಕ್ಕೇ.

ಸಾಗಿಸುವವರ ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ. ದಕ್ಷಿಣ ಅಮೆರಿಕಕ್ಕೆ ಜಾನುವಾರುಗಳೊಡನೆ ಹೋದ ಎವಾನ್ಸಿಗೆ ಅಲ್ಲಿ ರಕ್ತ ಕುಡಿಯುವ ಬಾವಲಿ ಸಿಕ್ಕಿತು. ಆ ಬಾವಲಿಯ ರಕ್ತದಲ್ಲೇ ಅದು ಬೆಳೆಯುತ್ತದೆ, ಬಾವಲಿಯ ಜೊಲ್ಲಿನಿಂದ ಕುದುರೆಗೂ ದಾಟುತ್ತದೆ. ಹೀಗೆ ಆಶ್ರಯದಾತನೂ ವಾಹಕನೂ ಒಂದೇ ಪ್ರಾಣಿಯಾಯಿತು. ನಾಯಿ, ಬೆಕ್ಕುಗಳು ರೋಗದ ಪ್ರಾಣಿಯ ಹಸಿ ಮಾಂಸ ತಿಂದೂ ಹಚ್ಚಿಕೊಳ್ಳುತ್ತವೆ. ಕ್ಯಾನರಿ ದ್ವೀಪಗಳಲ್ಲಿ 1997ರಲ್ಲಿ ಒಂಟೆಗಳಲ್ಲಿ ಕಾಣಿಸಿಕೊಂಡ ಸರ್ರಾ, 2006ರಲ್ಲಿ ಅಲ್ಲಿಂದ ತರಿಸಿದ ಒಂಟೆಗಳ ಜೊತೆ ಫ್ರಾನ್ಸಿಗೂ 2008ರಲ್ಲಿ ಸ್ಪೇನಿನ ಮುಖ್ಯಭೂಮಿಗೂ ಹೋಯಿತು. ಅಲ್ಲಿ ಅದನ್ನು ತಡೆಗಟ್ಟಿದರು.

ಇಲಿಯ ಟ್ರಿಪನೋಸೋಮ್ ಬೇರೆಯೇ ಸ್ವಭಾವದ್ದು. ಲೂಯಿಸ್ ಹೆಸರನ್ನೇ ಹೊತ್ತ ಟ್ರಿಪನೋಸೋಮ ಲೂಯಿಸಿ ಚಿಗಟದ ಹೊಟ್ಟೆಯ ಕೋಶಗಳೊಳಗೆ ಬೆಳೆದು, ಚಿಗಟದ ಹಿಕ್ಕೆಯಲ್ಲಿ ಹೊರಬಂದು, ಇಲಿ ಮೈ ನೆಕ್ಕಿಕೊಳ್ಳುವಾಗ ಅದರ ಬಾಯಿ ಸೇರುತ್ತದೆ. ಇಲಿಯ ದೇಹ ಮೊದಲು ಪರೋಪಜೀವಿ ವಿಭಜನೆಯಾಗದಂತೆ ತಡೆಯುವ ಪ್ರತಿಕಾಯವನ್ನು ತಯಾರಿಸುತ್ತದೆ. ಆಮೇಲೆ ಅವು ಹೆಚ್ಚೂ ಆಗದೆ ಕೆಲಕಾಲ ತಿರುಗಾಡಿಕೊಂಡಿದ್ದು, ಕೊನೆಗೆ ಪೂರ್ತಿ ನಾಶವಾಗುತ್ತವೆ. ಮುಂಬೈ, ಕಲ್ಕತ್ತೆಯಂಥ ಬಂದರುಗಳ ಇಲಿಗಳಿಗೂ ಅದಕ್ಕೂ ಬಹುಕಾಲದ ಹೊಂದಾಣಿಕೆ. ಆದರೆ ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ಆದದ್ದನ್ನು ನೋಡಿ. 1899ರಲ್ಲಿ ಹಿಂದೂಸ್ಥಾನ್ ಎಂಬ ಹಡಗಿನಲ್ಲಿ ಬಂದ ಕಪ್ಪಿಲಿಗಳು ಈ ಟ್ರಿಪನೋಸೋಮನ್ನು ದಡಕ್ಕೆ ತಂದವು. ದ್ವೀಪದ ಸ್ವಂತ ಇಲಿಗಳು ಅದನ್ನು ಹಿಂದೆಂದೂ ಕಂಡಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅವು ಹಾದಿಬೀದಿಯಲ್ಲಿ ಸತ್ತು ಬೀಳತೊಡಗಿದವು. 1908ರಲ್ಲಿ ಹುಡುಕಿದಾಗ ಒಂದೂ ಸಿಗಲಿಲ್ಲ. ಸಂಗ್ರಹಾಲಯಗಳಲ್ಲಿ ಉಳಿದ ಆ ಇಲಿಗಳ ಚರ್ಮದಿಂದ ಡಿಎನ್‌ಎ ತೆಗೆದು ನೋಡಿದಾಗ, ಕಪ್ಪಿಲಿ ಬರುವ ಮುಂಚಿನವುಗಳಲ್ಲಿ ಟ್ರಿಪನೋಸೋಮ್ ಇರಲಿಲ್ಲ, ಬಂದ ಮೇಲಿನ ಕೆಲವುಗಳಲ್ಲಿ ಇತ್ತು ಎಂದು 2008ರಲ್ಲಿ ಪ್ರಕಟವಾಯಿತು. ಎವಾನ್ಸ್ ಮಾತನ್ನು ಅಲ್ಲಗಳೆಯಲು ಬಳಸಿದ ಆ ನಿರುಪದ್ರವಿ ಜೀವಿಯೇ ಒಂದು ಇಲಿ ಸಂತತಿಯನ್ನು ಅಳಿಸಿಹಾಕಿದಂತೆ ತೋರುತ್ತದೆ.

ಕೊಟ್ಟಿಗೆಯಲ್ಲಿ ಕಾಕಾ ಕೇಳಿದ ಇನ್ನೊಂದು ಪ್ರಶ್ನೆ, "ಹಾಲು ಕುಡಿಯೋ ಮಂದಿಗಿ ಏನಾರ ಆಗ್ತೈತೇನ್ರಿ?" ಎಂಬುದು. ಕಾಯಿಸಿದ ಹಾಲಿನಿಂದ ಭಯವಿಲ್ಲ ಎಂದು ಡಾಕ್ಟರು ಹೇಳಿದರು. ಮನುಷ್ಯರಿಗೆ ಸಾಮಾನ್ಯವಾಗಿ ಸರ್ರಾ ಏಕೆ ಬರುವುದಿಲ್ಲ ಎಂಬುದಕ್ಕೆ ಉತ್ತರ ನಮ್ಮ ರಕ್ತದ ಒಂದು ಪ್ರೋಟೀನಿನಲ್ಲಿದೆ. ಟ್ರಿಪನೋಸೋಮ್‌ಗೆ ಹಿಮೋಗ್ಲೋಬಿನ್ನಿನ ಕಬ್ಬಿಣವುಳ್ಳ ಭಾಗವಾದ ಹೀಮ್ ಬೇಕು, ಆದರೆ ತಾನಾಗಿ ತಯಾರಿಸಲು ಬಾರದು. ಕೀಟಗಳಲ್ಲಿ ಮಾತ್ರ ಬದುಕುವ ಅದರ ಕೆಲವು ಬಂಧುಗಳು ಈ ಕೊರತೆಯನ್ನು ತಮ್ಮೊಳಗೆ ಬ್ಯಾಕ್ಟೀರಿಯಾ ಸಾಕಿಕೊಂಡು ತುಂಬಿಕೊಂಡಿವೆ. ಬ್ರೂಸಿ ಗುಂಪಿನವು ರಕ್ತದಲ್ಲಿ ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ತೇಲುವ ಹಿಮೋಗ್ಲೋಬಿನ್ ಚೂರುಗಳನ್ನು ಕಶಾಂಗದ ಕುಳಿಯಲ್ಲಿ ಹಿಡಿದು ಒಳಗೆಳೆದುಕೊಳ್ಳುತ್ತವೆ. ಮನುಷ್ಯನ ರಕ್ತದಲ್ಲಿ ಹ್ಯಾಪ್ಟೋಗ್ಲೋಬಿನ್‌ನಂತೆಯೇ ತೋರುವ ಇನ್ನೊಂದು ಪ್ರೋಟೀನಿದೆ. ಅದು ಎಪಿಒಎಲ್1 ಎಂಬ ಕೊಲೆಗಾರ ಪ್ರೋಟೀನಿನ ಜೊತೆ ಒಂದೇ ಕಣದಲ್ಲಿ ಕೂಡಿಕೊಂಡಿರುತ್ತದೆ. ಇರುವೆಗೆ ಬೆಲ್ಲದಲ್ಲಿ ವಿಷ ಬೆರೆಸಿಟ್ಟಂತೆ ಇದು. ಪರೋಪಜೀವಿ ಹೀಮ್ ಸಿಕ್ಕಿತೆಂದು ನುಂಗುತ್ತದೆ. ಒಳಗೆ ಹೋದ ಎಪಿಒಎಲ್1 ಕೋಶದ ಜೀರ್ಣಚೀಲವಾದ ಲೈಸೋಸೋಮ್ ಪೊರೆಯಲ್ಲಿ ರಂಧ್ರ ಕೊರೆದು, ಅದು ಊದಿ, ಕೋಶವೇ ಸಾಯುತ್ತದೆ.

ಇದನ್ನು ಮೀರಲು ಕಲಿತದ್ದು ನಿದ್ರಾ ರೋಗ ತರುವ ಎರಡು ಉಪಜಾತಿಗಳು. ಅವುಗಳಲ್ಲಿ ಪೂರ್ವ ಆಫ್ರಿಕಾದ ರೋಡೀಸಿಯೆನ್ಸ್ ಒಂದು ಹಳೆಯ ಹೊದಿಕೆ ವಂಶವಾಹಿಯನ್ನೇ ಮಾರ್ಪಡಿಸಿ, ಎಪಿಒಎಲ್1ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರೋಟೀನ್ ಮಾಡಿಕೊಂಡಿತು. ಆ ಹಿಡಿತಕ್ಕೆ ಸಿಗದ ಎಪಿಒಎಲ್1 ರೂಪ ಆಫ್ರಿಕಾದ ಕೆಲವು ಜನರಲ್ಲಿ ಹರಡಿತು. ಆ ಬದಲಾದ ರೂಪಗಳನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರಿಗೆ ಮೂತ್ರಪಿಂಡದ ಕಾಯಿಲೆಯ ಸಂಭವ ಹೆಚ್ಚು ಎಂದು 2010ರಲ್ಲಿ ತಿಳಿಯಿತು. ನಿದ್ರಾ ರೋಗವಾದರೋ ಈಗ ಬಹಳ ಇಳಿದಿದೆ. 2018ರಿಂದ ಈಚೆಗೆ ವರ್ಷಕ್ಕೆ ವರದಿಯಾಗುವ ಪ್ರಕರಣಗಳು ಒಂದು ಸಾವಿರಕ್ಕಿಂತ ಕಡಿಮೆ. ಅದರ ವಿರುದ್ಧ ಉಳಿದ ರಕ್ಷಣೆಯ ಬೆಲೆಯನ್ನು ಮಾತ್ರ, ಸೆಟ್ಸೆ ನೊಣವನ್ನೇ ನೋಡದ ಅಮೆರಿಕದ ನಗರಗಳಲ್ಲಿರುವ ಆಫ್ರಿಕಾ ಮೂಲದವರು ಇಂದಿಗೂ ಡಯಾಲಿಸಿಸ್ ಕೋಣೆಗಳಲ್ಲಿ ತೆರುತ್ತಿದ್ದಾರೆ.

ಎವಾನ್ಸಿಗೆ ಎಪಿಒಎಲ್1 ಮೀರುವ ವಿದ್ಯೆ ಇಲ್ಲ. ಆದರೂ 2004ರಲ್ಲಿ ನಮ್ಮ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ದನಗಾಹಿ ರೈತನ ರಕ್ತದಲ್ಲಿ ಅದು ಸಿಕ್ಕಿತು. ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಜ್ವರ, ಜ್ವರ ಬಂದಾಗಲೆಲ್ಲ ರಕ್ತದಲ್ಲಿ ಟ್ರಿಪನೋಸೋಮ್. ನಿದ್ರಾ ರೋಗಕ್ಕೆ ಬಳಸುವ ಹಳೆಯ ಔಷಧಿ ಸುರಾಮಿನ್ ಕೊಟ್ಟಾಗ ಗುಣವಾಯಿತು. ಆತನ ರಕ್ತವನ್ನು ಪರೀಕ್ಷಿಸಿದಾಗ ಅದರಲ್ಲಿ ಎಪಿಒಎಲ್1 ಇರಲೇ ಇಲ್ಲ. ಆ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದವು ಎಂದು 2006ರಲ್ಲಿ ಪ್ರಕಟಿಸಿದರು. ಅದೇ ಹಳ್ಳಿಯ ಸುಮಾರು 1,800 ಜನರನ್ನು ಪರೀಕ್ಷಿಸಿದಾಗ ಹಲವರಲ್ಲಿ ಪ್ರತಿಕಾಯ ಕಂಡರೂ ಯಾರ ರಕ್ತದಲ್ಲೂ ಪರೋಪಜೀವಿ ಸಿಗಲಿಲ್ಲ. ಎಂದರೆ ಪರೋಪಜೀವಿ ದನಗಳಿಂದ ಮನುಷ್ಯರ ಮೈಗೆ ಬರುತ್ತಲೇ ಇತ್ತು, ಬಂದದ್ದು ಅಲ್ಲೇ ಸಾಯುತ್ತಿತ್ತು ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ.

ಇಷ್ಟು ಒಪ್ಪವಾದ ವಿವರಣೆಯನ್ನು ವಿಯೆಟ್ನಾಂನ ಒಂದು ಪ್ರಕರಣ ಸ್ವಲ್ಪ ಅಲುಗಾಡಿಸಿದೆ. ಅಲ್ಲಿ 2015ರಲ್ಲಿ ಎವಾನ್ಸಿ ಸೋಂಕು ತಗುಲಿದ ಮಹಿಳೆಯೊಬ್ಬರ ಎಪಿಒಎಲ್1 ಸರಿಯಾಗಿಯೇ ಇತ್ತು. ಹಸಿ ದನದ ಮಾಂಸವನ್ನು ಮುಟ್ಟುವಾಗ ಕೈಗಾದ ಗಾಯದ ಮೂಲಕ ಸೋಂಕು ಒಳಸೇರಿರಬಹುದೆಂದು ವೈದ್ಯರು ಊಹಿಸಿದರು. ನಾನು ಇದನ್ನು ಹೇಳಿದಾಗ ನಮ್ಮ ಡಾಕ್ಟರು ಆ ಎಮ್ಮೆಗೆ ಕ್ವಿನಪೈರಮೈನ್ ಚುಚ್ಚುಮದ್ದಿನ ಪ್ರಮಾಣ ಲೆಕ್ಕ ಹಾಕುತ್ತಿದ್ದರು. "ಹಂಗಾರ ಇನ್ನಮ್ಯಾಲೆ ನಾ ಕೈಗವಸು ಇಲ್ಲದ ರಕ್ತ ತಗಿಯಂಗಿಲ್ಲ ಬಿಡ್ರಿ ಸರ" ಎಂದು, ಪೆಟ್ಟಿಗೆಯಲ್ಲಿ ಒಂದು ಜೊತೆ ಹುಡುಕಿ ಹಾಕಿಕೊಂಡು, ಸಾಲಿನ ಉಳಿದ ಎಮ್ಮೆಗಳ ಕಿವಿಗಳತ್ತ ಹೊರಟರು.